ನೇರಳೆ ಇಂಕಿನ ಮೂವತ್ತೊಂದು ಕಾರ್ಡು

"ನಿಮ್ಮ ಕಾರ್ಡು ನನ್ನ ಬೆರಳು ಕುಯ್ದಿದೆ, ನೋಡಿ."

ಪ್ರೆಸ್ಸಿನ ಕೌಂಟರಿನ ಮೇಲೆ ಬ್ಯಾಂಡೇಜು ಸುತ್ತಿದ ತೋರುಬೆರಳೊಂದು ಬಂದು ಕೂತಿತು. ಕಟಿಂಗ್ ಮಷಿನ್ನಿನ ಹಿಂದೆ ನಿಂತಿದ್ದವಳು ತಲೆಯೆತ್ತಿ ಮೊದಲು ಬೆರಳನ್ನೂ, ಆಮೇಲೆ ಬೆರಳಿನ ಯಜಮಾನನನ್ನೂ ನೋಡಿದಳು. ತಿಳಿನೀಲಿ ಅಂಗಿ, ಜೇಬಿನಲ್ಲಿ ಸಿಕ್ಕಿಸಿದ ಪುಟ್ಟ ಕತ್ತರಿ, ನಿದ್ದೆಗೆಟ್ಟ ಕಣ್ಣು. ಎದುರಿನ ಆಸ್ಪತ್ರೆಯ ನರ್ಸ್.

"ಕಾಗದ ಅಂದ್ಮೇಲೆ ಅಂಚು ಇದ್ದೇ ಇರುತ್ತೆ. ದಿನಾ ಇಂಜೆಕ್ಷನ್ ಚುಚ್ಚೋರು ಇಷ್ಟಕ್ಕೆ ಹೆದರಿದ್ರೆ ಹೇಗೆ?" ಎಂದಳು ಅವಳು.

"ಹೆದರಿಕೆ ಅಲ್ಲ. ಬೇರೆಯವರ ಗಾಯ ಮುಟ್ಟೋ ಕೆಲಸ ನಂದು. ನನ್ನ ಕೈಯಲ್ಲೇ ಗಾಯ ಇದ್ರೆ ಎರಡೆರಡು ಗ್ಲೌಸ್ ಹಾಕ್ಬೇಕು."

ಅವನು ತಂದಿದ್ದ ಕಾರ್ಡಿನ ಕಟ್ಟಿನ ಅಂಚಿನ ಮೇಲೆ ಅವಳು ಹೆಬ್ಬೆರಳು ಆಡಿಸಿದಳು. ನಿಜ! ಬ್ಲೇಡು ಮೊಂಡಾಗಿ ಕಾರ್ಡಿನ ಅಂಚು ಒರಟಾಗಿ ಎದ್ದಿತ್ತು. ಸೋದರಮಾವನ ಈ ಪ್ರೆಸ್ಸಿನಲ್ಲಿ ಒಂಬತ್ತು ವರ್ಷದಿಂದ ಕಾಗದ ಕತ್ತರಿಸುತ್ತಿದ್ದವಳ ಕೆಲಸಕ್ಕೆ ಒಬ್ಬರೂ ಹೀಗೆ ಬೆರಳು ತೋರಿಸಿರಲಿಲ್ಲ. ಅದೂ ಬ್ಯಾಂಡೇಜು ಕಟ್ಟಿದ ಬೆರಳು. ಅವಳಿಗೆ ಮೈಯೆಲ್ಲ ಉರಿಯಿತು.

ಆದರೂ ಬ್ಲೇಡು ಬದಲಿಸಿದಳು. ಐನೂರು ಕಾರ್ಡು ಹೊಸದಾಗಿ ಕತ್ತರಿಸಿ, ಕೇಳದೆಯೇ ನಾಲ್ಕೂ ಮೂಲೆ ದುಂಡಗೆ ಮಾಡಿ ಅವನ ಮುಂದಿಟ್ಟಳು. ಇಷ್ಟೊಂದು ಖಾಲಿ ಕಾರ್ಡು ಯಾಕೆ, ಇಸ್ಪೀಟು ಅಚ್ಚು ಹಾಕಿಸುವ ಯೋಚನೆಯೇ ಎಂದು ಗೊಣಗಿಕೊಂಡೇ ಕೇಳಿದಳು.

"ಇಂಗ್ಲಿಷ್ ಪದ ಬರೀತೀನಿ. ಒಂದು ಕಾರ್ಡಿಗೆ ಒಂದು ಪದ," ಎಂದ ಅವನು.

ಅದು ಆರು ತಿಂಗಳ ಹಿಂದಿನ ಮಾತು.

ಕಥೆಯೇನೆಂದರೆ, ಈ ನರ್ಸಿಗೆ ಮುಂದೆ ಓದಿ ನರ್ಸಿಂಗ್ ಕಲಿಸುವ ಮೇಷ್ಟರಾಗುವ ಆಸೆ. ಆ ಕೋರ್ಸಿಗೆ ಸೇರಲು ಒಂದು ಪ್ರವೇಶ ಪರೀಕ್ಷೆ. ರೋಗ, ಔಷಧಿ ಎಲ್ಲವೂ ಅವನಿಗೆ ನೀರು ಕುಡಿದಷ್ಟು ಸುಲಭ. ಕೈಕೊಡುತ್ತಿದ್ದುದು ಇಂಗ್ಲಿಷ್ ಪ್ರಶ್ನೆಪತ್ರಿಕೆ. ಸಾಮಾನ್ಯ ಇಂಗ್ಲಿಷ್ ಅಲ್ಲ, ಯಾರ ಬಾಯಲ್ಲೂ ದಿನಬಳಕೆಗೆ ಬಾರದ ಎತ್ತರದ ಪದಗಳು. ಹೋದ ವರ್ಷ ಅದರಲ್ಲೇ ಮುಗ್ಗರಿಸಿದ್ದ. ವಯಸ್ಸಿನ ಮಿತಿ ಇದ್ದುದರಿಂದ ಈ ವರ್ಷ ತಪ್ಪಿದರೆ ಮತ್ತೆ ಬರೆಯುವ ಹಾಗಿರಲಿಲ್ಲ.

ಕಲಿಯಲು ಅವನದೊಂದು ಡಬ್ಬಿ ಇತ್ತು. ಅದರಲ್ಲಿ ಐದು ಖಾನೆ. ಹೊಸ ಪದ ಮೊದಲನೇ ಖಾನೆಗೆ; ಅದನ್ನು ದಿನಾ ಕೇಳಬೇಕು. ಸರಿಯಾಗಿ ಹೇಳಿದರೆ ಎರಡನೆಯದಕ್ಕೆ, ಹೀಗೇ ಮುಂದಕ್ಕೆ. ಐದನೆಯದು ಪೂರ್ತಿ ಬಂದ ಪದಗಳ ಜಾಗ, ತಿಂಗಳಿಗೊಮ್ಮೆ ತೆಗೆದರೆ ಸಾಕು. ಎಲ್ಲೇ ತಪ್ಪಿದರೂ ಕಾರ್ಡು ಮತ್ತೆ ಮೊದಲನೇ ಖಾನೆಗೆ ಬರಬೇಕು. ಕಾರ್ಡಿನ ಮುಂದೆ ಪದ; ಹಿಂದೆ ಅರ್ಥ, ಜೊತೆಗೆ ಕಲಿಯುವವನು ತಾನೇ ಕಟ್ಟಿದ ಒಂದು ವಾಕ್ಯ. ಕೇಳುವವರು ಮುಂಬದಿಯ ಪದ ಓದಿ, ಉತ್ತರ ಬಂದ ಮೇಲೆ ತಿರುಗಿಸಿ ನೋಡಿ, ಕಾರ್ಡನ್ನು ಮುಂದಕ್ಕೋ ಹಿಂದಕ್ಕೋ ಹಾಕುವುದು.

"ಹಾಕೋದು ಕೇಳೋರ ಕೈಯಲ್ಲೇ ಇರ್ಬೇಕು. ನನ್ನ ಕೈಗೆ ಕೊಟ್ರೆ ನನಗೆ ನಾನೇ ಮೋಸ ಮಾಡ್ಕೋತೀನಿ," ಎಂದಿದ್ದ.

ಕೇಳುವವರು ಬೇಕಿತ್ತಲ್ಲ? ಅವನ ಹಾಸ್ಟೆಲ್ ರೂಮಿನಲ್ಲಿ ನಾಲ್ಕು ಜನ, ನಾಲ್ಕು ಮೊಬೈಲು. ಡಬ್ಬಿ ಪ್ರೆಸ್ಸಿನ ಕಪಾಟಿನಲ್ಲಿ ಉಳಿಯಿತು, ಕೇಳುವ ಕೆಲಸ ಅವಳ ಪಾಲಿಗೆ ಬಂತು. ಟೀ ಬಿಡುವಿನಲ್ಲಿ ಅವನು ರಸ್ತೆ ದಾಟಿ ಬರುತ್ತಿದ್ದ. ಅವಳು ಒಂದು ಕೈಯಲ್ಲಿ ಬಿಲ್ ಬುಕ್ಕಿನ ಹಾಳೆ ಜೋಡಿಸುತ್ತಾ ಇನ್ನೊಂದು ಕೈಯಲ್ಲಿ ಕಾರ್ಡು ಹಿಡಿದು ಕೇಳುತ್ತಿದ್ದಳು. ಇಷ್ಟರಲ್ಲೇ ಹತ್ತನೇ ಕ್ಲಾಸಿಗೇ ಇಂಗ್ಲಿಷಿಗೆ ಕೈಮುಗಿದಿದ್ದ ಹುಡುಗಿಗೆ ನಾನೂರು ಪದ ಬಾಯಿಗೆ ಬಂದಿದ್ದವು. ಮಾವನ ಮೇಲೆ ಸಿಟ್ಟು ಬಂದಾಗ ಎರಡು ಪದ ಪ್ರಯೋಗಿಸುವಳು. "ಬೈಯೋದಾದ್ರೆ ತಿಳಿಯೋ ಹಾಗೆ ಬೈಯೇ ಪುಟ್ಟಿ," ಎಂದು ಮಾವ ಗೋಗರೆಯುತ್ತಿದ್ದರು.

ಇನ್ನೊಂದು ತೊಡಕಿತ್ತು. ಆಸ್ಪತ್ರೆಯಲ್ಲಿ ಗಂಡು ನರ್ಸನ್ನು ಎಲ್ಲರೂ ಕರೆಯುವುದು 'ಬ್ರದರ್' ಎಂದೇ. ಮೊದಲ ವಾರ ಅವಳೂ ಹಾಗೇ ಕರೆದಳು. ಎರಡನೇ ವಾರ ಆ ಶಬ್ದ ಗಂಟಲಲ್ಲಿ ಸಿಕ್ಕಿಕೊಂಡಿತು. ಮೂರನೇ ವಾರದಿಂದ ಯಾವ ಹೆಸರೂ ಇಲ್ಲದೆ, "ಬಂದ್ರಾ? ಕೂತ್ಕೊಳ್ಳಿ," ಎನ್ನುವಲ್ಲಿಗೆ ಬಂದು ನಿಂತಿತು. ಯಾಕೆಂದು ಅವಳು ತನ್ನನ್ನೇ ಕೇಳಿಕೊಳ್ಳಲಿಲ್ಲ. ಕೇಳಿಕೊಂಡಿದ್ದರೆ ಉತ್ತರ ಸಲೀಸಾಗಿ ಸಿಗುತ್ತಿತ್ತು.

ಐದನೇ ತಿಂಗಳಿಗೆ ಲೆಕ್ಚರರ್ ಬಂದಳು.

ಅವನು ಸೇರಬೇಕೆಂದಿದ್ದ ಕಾಲೇಜಿನಲ್ಲೇ ಇಂಗ್ಲಿಷ್ ಕಲಿಸುವವಳು. ಅವಳ ತಾಯಿಯ ಕಾಲಿನಲ್ಲಿ ವಾಸಿಯಾಗದ ಗಾಯ. ಬುಧವಾರ ಬುಧವಾರ ಅವನು ಅವರ ಮನೆಗೆ ಹೋಗಿ ಡ್ರೆಸಿಂಗ್ ಮಾಡುವುದು, ಬದಲಿಗೆ ಅವಳು ಒಂದು ಗಂಟೆ ಇಂಗ್ಲಿಷ್ ಹೇಳಿಕೊಡುವುದು ಎಂದು ಒಪ್ಪಂದವಾಗಿತ್ತು. ಇದನ್ನು ಅವನೇ ಸಂಭ್ರಮದಿಂದ ಹೇಳಿದ. ಕೇಳಿದವಳು, ಒಳ್ಳೆಯದಾಯಿತು ಎಂದು ನಗುತ್ತಲೇ ಹೇಳಿ ಆ ದಿನ ಒಂದು ರೀಮು ಕಾಗದವನ್ನು ಅಡ್ಡಾದಿಡ್ಡಿ ಕತ್ತರಿಸಿದಳು.

ಆಮೇಲೆ ಅವಳ ಕಣ್ಣಿಗೆ ಎಲ್ಲವೂ ಬೀಳತೊಡಗಿತು. ಬುಧವಾರ ಅವನ ಅಂಗಿಗೆ ಇಸ್ತ್ರಿ. ಬುಧವಾರ ನುಣ್ಣಗೆ ಶೇವಿಂಗ್. ನನ್ನ ಹತ್ತಿರ ಬರೋವಾಗ ಮಾತ್ರ ಮೂರು ದಿನದ ಗಡ್ಡ... ನಾನೇನು ಇವರ ಕಣ್ಣಿಗೆ ಕಟಿಂಗ್ ಮಷಿನ್ನಾ?

ಒಂದು ಸಂಜೆ ಲೆಕ್ಚರರ್ ಅವನ ಜೊತೆ ಪ್ರೆಸ್ಸಿಗೇ ಬಂದಳು. ಎತ್ತರದ ನಿಲುವು, ಮೃದು ಮಾತು, ಕೈಯಲ್ಲಿ ಹಳೇ ಕಾಲದ ಇಂಕಿನ ಪೆನ್ನು. ಹೇಗೆ ಕೇಳುತ್ತೀರಿ, ತೋರಿಸಿ ಎಂದಳು. ಇವಳು ಬೇಕೆಂದೇ ದೊಡ್ಡ ಪದವೊಂದನ್ನು ಆರಿಸಿ ಗಟ್ಟಿಯಾಗಿ ಓದಿದಳು: "ಎಪಿಟೋಮ್."

"ಎಪಿಟಮಿ," ಎಂದಳು ಲೆಕ್ಚರರ್, ಮೆಲ್ಲಗೆ, ನಗದೆ.

ನಕ್ಕಿದ್ದರೆ ಜಗಳವಾಡಬಹುದಿತ್ತು! ಅವನು ನಡುವೆ ಬಾಯಿ ಹಾಕಿ, ತಾನೇ ತಪ್ಪಾಗಿ ಹೇಳಿಕೊಟ್ಟಿದ್ದೆ ಎಂದ. ಅದು ಸುಳ್ಳೆಂದು ಮೂವರಿಗೂ ಗೊತ್ತಿತ್ತು. ಅವನ ಆ ಕರುಣೆ ಇವಳಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಇವನು ಪಾಸಾದರೆ ದಿನಾ ಆ ಕಾಲೇಜಿಗೆ ಹೋಗುತ್ತಾನೆ. ದಿನಾ ಆ ದನಿ ಕೇಳುತ್ತಾನೆ. ಪ್ರೆಸ್ಸಿನ ಕಡೆ ಮತ್ತೆ ಯಾಕೆ ತಲೆಹಾಕುತ್ತಾನೆ? ಅವನು ಪಾಸಾಗಲೆಂದು ಆರು ತಿಂಗಳಿಂದ ದುಡಿದವಳೇ ಒಂದು ಗಳಿಗೆ, ಆಗದಿದ್ದರೆ ಏನಾಯಿತು ಎಂದುಕೊಂಡಳು. ಮರುಗಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಪರೀಕ್ಷೆಗೆ ಹದಿನೈದು ದಿನ ಉಳಿದಿತ್ತು. ಟೀ ಬಿಡುವಿನಲ್ಲಿ ಬಂದವನು ಡಬ್ಬಿಯ ಮೊದಲನೇ ಖಾನೆಯಲ್ಲಿ ಹೊಸದೊಂದು ಕಟ್ಟು ಇಟ್ಟ. ಮೂವತ್ತೊಂದು ಕಾರ್ಡು, ಪರೀಕ್ಷೆಗೆ ಬರಬಹುದೆಂದು ಲೆಕ್ಚರರ್ ಆರಿಸಿ ಬರೆದುಕೊಟ್ಟ ಪದಗಳು. ಸಂಜೆ ಬರ್ತೀನಿ, ಅಷ್ಟರಲ್ಲಿ ಒಂದ್ಸಲ ಹಿಂದೆ ಮುಂದೆ ನೋಡಿರಿ ಎಂದು, ಎಂದೂ ಇಲ್ಲದ ತಡವರಿಕೆಯಲ್ಲಿ ಹೇಳಿ, ಟೀ ಕೂಡ ಕುಡಿಯದೆ ಓಡಿದ.

ಅವಳು ಕಟ್ಟನ್ನು ಎತ್ತಿಕೊಂಡಳು. ಮೇಲಿನ ಕಾರ್ಡಿನಲ್ಲಿ ನೇರಳೆ ಇಂಕು. ಎರಡನೆಯದರಲ್ಲೂ ಅದೇ. ಮೂವತ್ತೊಂದರಲ್ಲೂ ಮುತ್ತು ಪೋಣಿಸಿದಂಥ ಅದೇ ಅಕ್ಷರ.

ನಾನು ಕತ್ತರಿಸಿದ ಕಾರ್ಡು. ನಾನು ದುಂಡಗೆ ಮಾಡಿದ ಮೂಲೆ. ಅದರ ಮೇಲೆ ಅವಳ ಬರವಣಿಗೆ!

ಹೊಟ್ಟೆಯಲ್ಲಿ ಬೆಂಕಿ ಹತ್ತಿದವಳಿಗೆ ಕಾರ್ಡು ತಿರುಗಿಸುವ ತಾಳ್ಮೆ ಎಲ್ಲಿಂದ ಬರಬೇಕು? ಒಂದನ್ನೂ ಮಗುಚಲಿಲ್ಲ. ಇಡೀ ಕಟ್ಟನ್ನು ಹಾಗೆಯೇ ಐದನೇ ಖಾನೆಯ ಹಿಂಬದಿಗೆ ತುರುಕಿದಳು. ತಿಂಗಳವರೆಗೆ ಆ ಅಕ್ಷರ ಕಣ್ಣಿಗೆ ಬೀಳಬಾರದು, ಅಷ್ಟೇ.

ಸಂಜೆ ಅವನು ಬಂದು ಸ್ಟೂಲಿನ ತುದಿಯಲ್ಲಿ ಕೂತ. ಬುಧವಾರವಲ್ಲದಿದ್ದರೂ ಶೇವಿಂಗ್ ಆಗಿತ್ತು. ಅದನ್ನು ಮಾತ್ರ ಅವಳು ಗಮನಿಸಲಿಲ್ಲ.

"ನೇರಳೆ ಕಾರ್ಡು... ನೋಡಿದ್ರಾ?"

"ನೋಡಿದೆ."

"ಎಲ್ಲಾನೂ?"

"ಎಲ್ಲಾನೂ. ಐದನೇ ಖಾನೆಗೆ ಹಾಕಿದೀನಿ."

ಅವನು ಮುಂದಕ್ಕೆ ಬಾಗಿದ. "ಏನೂ ಹೇಳೋದಿಲ್ವಾ?"

"ಹೇಳೋಕೆ ಏನಿದೆ ಬ್ರದರ್?"

ಐದು ತಿಂಗಳ ನಂತರ ಆ ಶಬ್ದ ಅವಳ ಬಾಯಿಂದ ಬಂದಿತ್ತು. ನೋಯಲಿ ಎಂದೇ ಹೇಳಿದ್ದಳು. ಆದರೆ ಅವನ ಮುಖ ಹಾಗೆ ಬಿಳಿಚಿಕೊಂಡೀತೆಂದು ಎಣಿಸಿರಲಿಲ್ಲ. ಡ್ಯೂಟಿ ಇದೆ ಎಂದು ಎದ್ದು ಹೋದ. ಡಬ್ಬಿ ಅಲ್ಲೇ ಉಳಿಯಿತು.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಟೀ ಬಿಡುವಿನ ಹೊತ್ತಿಗೆ ಸರಿಯಾಗಿ ಅವಳ ಕಣ್ಣು ಬಾಗಿಲಿಗೆ ಹೋಗುತ್ತಿತ್ತು. ಬರುತ್ತಿದ್ದುದು ವಿಸಿಟಿಂಗ್ ಕಾರ್ಡು ಕೇಳುವವರು, ರಬ್ಬರ್ ಸ್ಟಾಂಪು ಕೇಳುವವರು. ಒಮ್ಮೆ ಆಸ್ಪತ್ರೆಯ ಗೇಟಿನಲ್ಲಿ ಲೆಕ್ಚರರ್ ಓಡಿಸುವ ಸ್ಕೂಟರ್ ಕಂಡಿತು. ಗೊತ್ತಾಯಿತು ಬಿಡು, ಎಂದುಕೊಂಡಳು. ಡಬ್ಬಿಯೂ ಬೇಡವಾಯಿತು, ನಾನೂ ಬೇಡವಾದೆ. ಅಲ್ಲೇ ಓದುತ್ತಿದ್ದಾನೆ, ಅವಳ ಬಾಯಿಂದಲೇ ಕೇಳಿ ಕೇಳಿ.

ಮಾವ ಎರಡು ದಿನ ನೋಡಿದರು. ಮೂರನೇ ದಿನ, ಹೋಗಿ ಕರೆದುಕೊಂಡು ಬಾರೇ, ನೀನು ಮುಖ ಊದಿಸಿಕೊಂಡರೆ ಮಷಿನ್ನಿಗೂ ಮೂಡು ಕೆಡುತ್ತದೆ ಎಂದರು. ಅವಳು ಬ್ಲೇಡಿಗೆ ಎಣ್ಣೆ ಬಿಟ್ಟಳು.

ಹನ್ನೊಂದನೇ ದಿನ ಮಧ್ಯಾಹ್ನ, ಮಾವ ಊಟಕ್ಕೆ ಹೋಗಿದ್ದಾಗ, ಲೆಕ್ಚರರ್ ಒಬ್ಬಳೇ ಬಂದಳು. ಬಿಸಿಲಲ್ಲಿ ಬಂದ ಮುಖ ಬಾಡಿತ್ತು. ಆ ಡಬ್ಬಿಯನ್ನು ತೆಗೆದುಕೊಂಡು ಹೋಗಲು ಬಂದಿದ್ದೇನೆ ಎಂದಳು.

"ಅವರೇ ಬರಬಹುದಿತ್ತಲ್ಲ," ಎಂದಳು ಇವಳು. "ಹೇಗೂ ನಿಮ್ಮ ಮನೇಲೇ ಓದ್ತಿದಾರಲ್ಲ."

"ಓದ್ತಿಲ್ಲ. ಅಮ್ಮನ ಕಾಲಿಗೆ ಬ್ಯಾಂಡೇಜು ಕಟ್ಟಿ ಹೊರಟುಬಿಡ್ತಾರೆ. ಇನ್ನು ನಾಲ್ಕು ದಿನಕ್ಕೆ ಪರೀಕ್ಷೆ, ಬರೆಯೋದೇ ಇಲ್ಲ ಅಂತಿದಾರೆ. ಆಸ್ಪತ್ರೆಗೇ ಹೋಗಿ ಬೈದೂ ಬಂದೆ." ಲೆಕ್ಚರರ್ ಕೌಂಟರಿನ ಅಂಚು ಹಿಡಿದುಕೊಂಡಳು. "ಇಷ್ಟ ಇಲ್ಲದೆ ಇರೋದು ನಿಮ್ಮಿಷ್ಟ, ಅದನ್ನ ಕೇಳೋಕೆ ನಾನ್ಯಾರು? ಆದ್ರೆ ಪರೀಕ್ಷೆ ಮುಗಿಯೋವರೆಗಾದ್ರೂ ಕಾಯಬಹುದಿತ್ತು ನೀವು."

"ಏನು ಇಷ್ಟ ಇಲ್ಲ ಅಂದೆ ನಾನು?"

"ಕಾರ್ಡಿನ ಹಿಂದೆ ಬರೆದಿದ್ದನ್ನ ಓದಿದ್ರಂತಲ್ಲ, ಮೂವತ್ತೊಂದನ್ನೂ."

"ಹಿಂದೆ... ಏನಿದೆ?"

ಲೆಕ್ಚರರ್ ಅವಳನ್ನೇ ನೋಡುತ್ತಾ ನಿಂತಳು. ನಿಧಾನವಾಗಿ ಏನೋ ಅರ್ಥವಾದಂತೆ, ಅವನು ಕೂರುತ್ತಿದ್ದ ಸ್ಟೂಲಿನ ಮೇಲೆ ಕೂತಳು. ಮಾತಾಡಿದಾಗ ದನಿ ಎಂದಿನಷ್ಟು ನುಣುಪಾಗಿರಲಿಲ್ಲ.

"ಅವರು ಕಟ್ಟಿದ ಮೂವತ್ತೊಂದು ವಾಕ್ಯ ತಿದ್ದಿದೀನಿ ನಾನು. ಒಂದರಲ್ಲೂ ನಾನಿರ್ಲಿಲ್ಲ."

ಅಷ್ಟು ಹೇಳಿ ಎದ್ದಳು. ಡಬ್ಬಿ ತೆಗೆದುಕೊಳ್ಳದೆ ಹೊರಟಳು. ಸ್ಕೂಟರ್ ಸ್ಟಾರ್ಟ್ ಮಾಡಲು ಎರಡು ಸಲ ಪ್ರಯತ್ನಿಸಬೇಕಾಯಿತು. ಇಷ್ಟು ದಿನ ಹೊಟ್ಟೆಕಿಚ್ಚು ಪಟ್ಟಿದ್ದು ತಾನೊಬ್ಬಳೇ ಅಲ್ಲ ಎನ್ನುವುದು ಪ್ರೆಸ್ಸಿನ ಹುಡುಗಿಗೆ ಆಗ ತಿಳಿಯಿತು. ಗೆದ್ದೆ ಎನಿಸಲಿಲ್ಲ. ಆ ಹೆಣ್ಣಿನ ಬಗ್ಗೆ ಮೊದಲ ಬಾರಿಗೆ ಅಯ್ಯೋ ಎನಿಸಿತು.

ಕಪಾಟಿನಿಂದ ಡಬ್ಬಿ ಇಳಿಸಿ, ಐದನೇ ಖಾನೆಯ ಹಿಂಬದಿಯಿಂದ ಕಟ್ಟು ತೆಗೆದಳು. ಮೊದಲನೆಯದನ್ನು ತಿರುಗಿಸಿದಳು. ನೇರಳೆ ಇಂಕಿನ ಬೆನ್ನಿಗೆ ಪೆನ್ಸಿಲ್ಲಿನ ಅಕ್ಷರ, ಅವನ ಕೋಳಿಕಾಲಿನ ಅಕ್ಷರ.

ಮೆಟಿಕ್ಯುಲಸ್, ಅಂದರೆ ಎಳ್ಳಷ್ಟೂ ತಪ್ಪಾಗದಂತೆ ಕೆಲಸ ಮಾಡುವವರು. ಕೆಳಗೆ ಅವನ ವಾಕ್ಯ ಇಂಗ್ಲಿಷಿನಲ್ಲಿ. ಆರು ತಿಂಗಳು ಅವನ ಜೊತೆ ಕಲಿತವಳಿಗೆ ಒಂದೇ ಓದಿಗೆ ತಿಳಿಯಿತು: ಪ್ರೆಸ್ಸಿನ ಹುಡುಗಿ ಎಷ್ಟು ಮೆಟಿಕ್ಯುಲಸ್ ಎಂದರೆ ಕೂದಲೆಳೆಯಷ್ಟು ಸೊಟ್ಟಗಾದರೂ ಇಡೀ ಕಟ್ಟನ್ನು ಎಸೆಯುತ್ತಾಳೆ.

ಇರಾಸಿಬಲ್, ಅಂದರೆ ಮೂಗಿನ ತುದಿಯಲ್ಲೇ ಸಿಟ್ಟಿರುವವರು. ಟೀ ಕುಡಿಯುವ ಮುಂಚೆ ಅವಳು ಇರಾಸಿಬಲ್, ಕುಡಿದ ಮೇಲೆ ಸ್ವಲ್ಪ ಕಡಿಮೆ.

ಅಳುತ್ತಲೇ ನಕ್ಕಳು.

ಸೊಲೇಸ್, ಅಂದರೆ ನೊಂದಾಗ ಸಿಗುವ ನೆಮ್ಮದಿ. ವಾರ್ಡಿನಲ್ಲಿ ಒಬ್ಬರು ತೀರಿಕೊಂಡ ದಿನ ರಸ್ತೆ ದಾಟಿ ಹೋಗಿ ಅವಳ ಮಷಿನ್ನಿನ ಸದ್ದು ಕೇಳುತ್ತಾ ಕೂತೆ. ಅವಳು ಏನಾಯಿತೆಂದು ಕೇಳಲಿಲ್ಲ, ಪದಗಳನ್ನೂ ಕೇಳಲಿಲ್ಲ. ನನಗೆ ಅದೇ ಸೊಲೇಸ್.

ಆ ದಿನ ಅವಳಿಗೆ ನೆನಪಿತ್ತು. ಅವನ ಮುಖ ನೋಡಿ, ಡಬ್ಬಿಯನ್ನು ಕಪಾಟಿನಿಂದ ತೆಗೆದೇ ಇರಲಿಲ್ಲ.

ಒಂದೊಂದನ್ನೇ ಓದುತ್ತಾ ಹೋದಳು. ಮೂವತ್ತರಲ್ಲೂ ಅವಳೇ. ಮೂವತ್ತೊಂದನೆಯದು ರೆಟಿಸೆಂಟ್, ಮನಸ್ಸಿನಲ್ಲಿರುವುದನ್ನು ಬಾಯಿಬಿಟ್ಟು ಹೇಳಲಾರದವರು. ಅದರ ವಾಕ್ಯ ಎರಡು ಸಲ ಅಳಿಸಿ ಬರೆದಂತಿತ್ತು: ನಾನು ರೆಟಿಸೆಂಟ್, ನೇರ ಕೇಳಲಾರೆ, ಇದನ್ನು ಓದಿದ ಮೇಲೆ ಅವಳು ನನ್ನನ್ನು ಏನೆಂದು ಕರೆಯುತ್ತಾಳೋ ಅದೇ ನನಗೆ ಉತ್ತರ.

ಅಯ್ಯೋ ದೇವರೇ...

ನೋಡಿದೆ ಎಂದಿದ್ದಳು, ಎಲ್ಲಾನೂ ಎಂದಿದ್ದಳು. ಆಮೇಲೆ, ಆ ಕೊನೆಯಲ್ಲಿ, ಏನೆಂದು ಕರೆದಿದ್ದಳು!

ಪ್ರೆಸ್ಸಿನ ಬಾಗಿಲು ಎಳೆದು, ಡಬ್ಬಿಯನ್ನು ಎದೆಗವಚಿಕೊಂಡು ರಸ್ತೆ ದಾಟಿದಳು. ಭೇಟಿಯ ಸಮಯ ನಾಲ್ಕಕ್ಕೆ ಎಂದ ವಾಚ್‌ಮನ್. ಮೂರೂವರೆಯಿಂದ ನಾಲ್ಕರವರೆಗೆ ಔಷಧಿ ಅಂಗಡಿಯ ನೆರಳಿನಲ್ಲಿ ನಿಂತಳು. ಆ ಅರ್ಧ ಗಂಟೆಯಲ್ಲಿ ಏನು ಹೇಳಬೇಕೆಂದು ಹತ್ತು ಬಗೆಯಲ್ಲಿ ಜೋಡಿಸಿದಳು. ಗಂಡಸರ ವಾರ್ಡಿನ ಬಾಗಿಲಿಗೆ ಬರುವಷ್ಟರಲ್ಲಿ ಹತ್ತೂ ಮರೆತುಹೋಗಿದ್ದವು.

ಉದ್ದನೆಯ ಹಾಲಿನಲ್ಲಿ ಎರಡು ಸಾಲು ಮಂಚ. ಕೊನೆಯಲ್ಲಿ ಅವನು ಬೆನ್ನು ಹಾಕಿ ಯಾರದೋ ಕೈಗೆ ಪಟ್ಟಿ ಬಿಗಿಯುತ್ತಿದ್ದ. ಒಂದು ಮಂಚದಿಂದ "ಬ್ರದರ್, ನೀರು," ಇನ್ನೊಂದರಿಂದ "ಬ್ರದರ್, ಈ ಬಾಟಲಿ ಖಾಲಿಯಾಯ್ತು." ಅವನು ತಿರುಗದೆಯೇ ಬಂದೆ, ಬಂದೆ ಎನ್ನುತ್ತಿದ್ದ.

ಅವಳು ಉಸಿರೆಳೆದುಕೊಂಡಳು.

"ರೀ..."

ದೊಡ್ಡ ದನಿಯೇನೂ ಅಲ್ಲ. ಆದರೂ ಪಟ್ಟಿ ಕಟ್ಟುತ್ತಿದ್ದ ಕೈ ನಿಂತಿತು.

"ರೀ, ಸ್ವಲ್ಪ ಇಲ್ಲಿ ಬರ್ತೀರಾ?"

ಬಾಗಿಲ ಪಕ್ಕದ ಮಂಚದಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದ ಅಜ್ಜ ಕನ್ನಡಕ ಸರಿಮಾಡಿಕೊಂಡು ಅವಳನ್ನೊಮ್ಮೆ ನೋಡಿದರು. "ಬ್ರದರ್, ಪಟ್ಟಿ ಆಮೇಲೆ ಕಟ್ಟೀರಂತೆ. ಮನೆಯವರು ಬಂದಿದಾರೆ ನೋಡಿ," ಎಂದು ಇಡೀ ವಾರ್ಡಿಗೆ ಕೇಳುವಂತೆ ಕೂಗಿದರು.

ಕಟ್ಟುತ್ತಿದ್ದ ಪಟ್ಟಿಯನ್ನು ಅವನು ಪೂರ್ತಿ ಕಟ್ಟಿಯೇ ಬಂದ. ಕಾರಿಡಾರಿನ ಕಿಟಕಿಯ ಹತ್ತಿರ, ಔಷಧಿಯ ಟ್ರಾಲಿಯ ಪಕ್ಕ ನಿಂತರು. ಮೂರು ದಿನದ ಗಡ್ಡ, ಸೋತ ಕಣ್ಣು.

"ನಾನು ಓದಿರ್ಲಿಲ್ಲ," ಎಂದಳು. "ಒಂದನ್ನೂ ತಿರುಗಿಸಿ ನೋಡಿರ್ಲಿಲ್ಲ. ಸುಳ್ಳು ಹೇಳಿದೆ. ಇಂಕು ನೋಡಿ ಹೊಟ್ಟೆ ಉರೀತು, ತೆಗೆದು ಹಿಂದಕ್ಕೆ ತುರುಕಿದೆ. ಇವತ್ತು ಓದಿದೆ."

"ಇಂಕು ನೋಡಿ?"

"ಬುಧವಾರ ಬುಧವಾರ ಇಸ್ತ್ರಿ ಅಂಗಿ ಹಾಕ್ಕೊಂಡು, ಶೇವ್ ಮಾಡ್ಕೊಂಡು ಹೋಗ್ತಿದ್ರಲ್ಲ, ಅದನ್ನೂ ನೋಡಿ."

"ಬುಧವಾರ ಮೇಟ್ರನ್ ರೌಂಡ್ಸ್ ಇರುತ್ತೆ. ಗಡ್ಡ ಇದ್ರೆ ಬೈತಾರೆ."

ಅವಳಿಗೆ ನೆಲ ಬಾಯಿಬಿಟ್ಟರೆ ಇಳಿದುಹೋಗೋಣ ಎನಿಸಿತು. ಅವನು ನಗಲಿಲ್ಲ. ಕಿಟಕಿಯಾಚೆ ನೋಡುತ್ತಾ, ಹನ್ನೊಂದು ದಿನ ತಾನು ಹೇಗೆ ಕಳೆದೆನೆಂದು ಅವಳಿಗೆ ಗೊತ್ತೇ ಎಂದು ಕೇಳಿದ. ಆ ಕಿಟಕಿಯಿಂದ ಪ್ರೆಸ್ಸಿನ ಬಾಗಿಲು ಕಾಣುತ್ತದೆಂದು, ದಿನಾ ಟೀ ಹೊತ್ತಿಗೆ ಇಲ್ಲಿ ನಿಂತು ಅದನ್ನೇ ನೋಡುತ್ತಿದ್ದೆನೆಂದು ಹೇಳಿದ. ದನಿಯಲ್ಲಿ ಸಿಟ್ಟಿತ್ತು. ಆ ಸಿಟ್ಟು ತನಗೆ ಸಲ್ಲಬೇಕಾದದ್ದೇ ಎಂದು ಅವಳು ತಲೆತಗ್ಗಿಸಿ ಕೇಳಿಸಿಕೊಂಡಳು.

"ಪದ ಕೇಳದೆ ಕಾರ್ಡು ಮುಂದಕ್ಕೆ ಹಾಕಬಾರದು. ನಮ್ಮಿಬ್ಬರ ನಡುವೆ ಇದ್ದಿದ್ದು ಅದೊಂದೇ ರೂಲ್," ಎಂದ.

"ತಪ್ಪಾಯ್ತು."

ಒಳಗಿನಿಂದ ಅಜ್ಜ ಯಾರಿಗೋ, ನೀರು ಆಮೇಲೆ ಕೇಳಪ್ಪ, ಸುಮ್ಮನಿರು ಎಂದು ಗದರುವುದು ಕೇಳಿತು. ಆಗ ಅವನ ಮುಖ ಕೊಂಚ ಸಡಿಲವಾಯಿತು.

"ತಪ್ಪಿದ ಕಾರ್ಡು ಎಲ್ಲಿಗೆ ಹೋಗುತ್ತೆ?"

ಅವಳು ಡಬ್ಬಿಯನ್ನು ಟ್ರಾಲಿಯ ಮೇಲಿಟ್ಟು, ನೇರಳೆ ಕಟ್ಟನ್ನು ತೆಗೆದು ಮುಂದೆ ಇಟ್ಟಳು. "ಮೊದಲನೇ ಖಾನೆಗೆ."

"ಎಸೀತಾರಾ?"

"ಇಲ್ಲ. ಮತ್ತೆ ಮೊದಲಿಂದ ಕೇಳ್ತಾರೆ."

ಮುಂದೆ ಅವನು ಪರೀಕ್ಷೆ ಬರೆದ, ಪಾಸಾದ, ಆ ಲೆಕ್ಚರರ್ ಇದ್ದ ಕಾಲೇಜಿಗೇ ಸೇರಿದ, ಇವಳು ಅಪರೂಪಕ್ಕೊಮ್ಮೆ ಮುಖ ಊದಿಸಿದಳು ಎನ್ನುವುದೆಲ್ಲ ನಿಜವೇ. ಆದರೆ ಆ ಕಿಟಕಿಯ ಬಳಿ ಇಬ್ಬರಿಗೂ ಅದಾವುದೂ ಗೊತ್ತಿರಲಿಲ್ಲ. ಅವನ ಬೆರಳು ಡಬ್ಬಿಯ ಅಂಚಿನಿಂದ ಸರಿದು ಅವಳ ಬೆರಳಿನ ಪಕ್ಕಕ್ಕೆ ಬಂದಿತ್ತು, ಅಷ್ಟೇ. ಹಳೇ ಗಾಯದ ಸಣ್ಣ ಗೆರೆ ಇನ್ನೂ ಇತ್ತು.

"ನೀವೂ ತಪ್ಪಿದೀರಿ," ಎಂದ. "ನಿಮ್ಮನ್ನೂ ಮೊದಲನೇ ಖಾನೆಗೇ ಹಾಕ್ಬೇಕು. ದಿನಾ ನೋಡ್ಬೇಕಾಗುತ್ತೆ."

"ದಿನಾ?"

"ದಿನಾ. ಐದನೇ ಖಾನೆ ತಲುಪೋವರೆಗೂ."

ಅವಳು ಕಣ್ಣೊರೆಸಿಕೊಂಡು ಆ ಬೆರಳನ್ನು ಹಿಡಿದುಕೊಂಡಳು.

"ನಾನು ತಲುಪೋದೇ ಇಲ್ಲ ಕಣ್ರೀ. ದಿನಾ ಒಂದೊಂದು ತಪ್ಪು ಮಾಡ್ತಾನೇ ಇರ್ತೀನಿ."